ಶಿಕ್ಷಣ ಸುಧಾರಣೆ ಸುದ್ದಿ ಬಂದಾಗ ಮೊದಲು ಕೇಳಿ: ಆದೇಶ ಎಲ್ಲಿದೆ?

2025ರ ಆಗಸ್ಟ್‌ನಲ್ಲಿ, ಕರ್ನಾಟಕ ಸರ್ಕಾರ ನೇಮಿಸಿದ್ದ ಸುಖದೇವ್ ಥೋರಟ್ ಅವರ ಆಯೋಗ ರಾಜ್ಯ ಶಿಕ್ಷಣ ನೀತಿಯ ವರದಿ ಕೊಟ್ಟಿತು ನೋಡಿ, ಅವತ್ತು ಸಂಜೆಯೇ ನಮ್ಮ ಪೋಷಕರ ವಾಟ್ಸ್‌ಆಪ್ ಗ್ರೂಪಿನಲ್ಲಿ ಗಲಾಟೆ ಶುರುವಾಯಿತು. ಒಬ್ಬರು ‘ಇನ್ಮೇಲೆ ಮೂರನೇ ಭಾಷೆ ಇಲ್ವಂತೆ’ ಅಂದರು. ಇನ್ನೊಬ್ಬರು ‘ಐದನೇ ಕ್ಲಾಸ್ ತನಕ ಎಲ್ಲರಿಗೂ ಕನ್ನಡ ಮೀಡಿಯಮ್ಮಂತೆ’ ಅಂದರು. ಮತ್ತೊಬ್ಬರಂತೂ ಮಗುವಿನ ಟಿಸಿ ತರೋಕೆ ಹೊರಟೇಬಿಟ್ಟಿದ್ದರು. ವರದಿಯಲ್ಲಿ ಎರಡು ಭಾಷೆಯ ಸಲಹೆ ಇತ್ತು, ನಿಜ. ಆದರೆ ಅದು ಸಲಹೆ.

ಅದಕ್ಕೇ ಅಂಗನವಾಡಿಯಿಂದ ಡಿಗ್ರಿವರೆಗೆ ಯಾವ ಸುಧಾರಣೆಯ ಸುದ್ದಿ ಬಂದರೂ ಮೊದಲು ಕೈಗೆ ಸಿಕ್ಕಿರುವ ಕಾಗದ ಯಾವುದು ಅಂತ ನೋಡಿ. ವರದಿ ಅಂದರೆ ಸಲಹೆ ಅಷ್ಟೇ. ಬಜೆಟ್ ಭಾಷಣ ಅಂದರೆ ಮಾತು ಕೊಟ್ಟ ಹಾಗೆ. ಆದೇಶ ಬಂದರೆ ಇಲಾಖೆ ಅದರಂತೆ ನಡೆಯಲೇಬೇಕು, ಕಾಯ್ದೆಯಾದರೆ ಸರ್ಕಾರವೂ ನಡೆಯಬೇಕು. ಆದೇಶಕ್ಕೆ ಒಂದು ನಂಬರ್, ಒಂದು ದಿನಾಂಕ ಇದ್ದೇ ಇರುತ್ತದೆ. ಅವೆರಡೂ ಇಲ್ಲದ ಫಾರ್ವರ್ಡ್ ಮೆಸೇಜನ್ನು ಸುಮ್ನೆ ಬಿಟ್ಟುಬಿಡಿ.

ಆದೇಶ ಸಿಕ್ಕಿತು ಅಂತಲೂ ಪೂರ್ತಿ ನಿಶ್ಚಿಂತೆ ಬೇಡ. ಒಂದನೇ ಕ್ಲಾಸಿಗೆ ಆರು ವರ್ಷ ತುಂಬಿರಬೇಕು ಅನ್ನುವ ಕಥೆ ನೋಡಿ. 2022ರಲ್ಲಿ ಆದೇಶ ಬಂತು, 2025-26ರಿಂದ ಜಾರಿ ಅಂತ ಹೇಳಿದರು. ಅಷ್ಟರಲ್ಲಿ ಎಷ್ಟೋ ಜನ ಮಕ್ಕಳನ್ನು ಮೂರೂವರೆಗೇ ಎಲ್‌ಕೆಜಿಗೆ ಹಾಕಿ ಆಗಿತ್ತು. ಆ ಮಕ್ಕಳು ಯುಕೆಜಿ ಮುಗಿಸಿ ಒಂದು ವರ್ಷ ಮನೆಯಲ್ಲಿ ಕೂರಬೇಕಾ ಅಂತ ಅಪ್ಪ ಅಮ್ಮಂದಿರು ಅಲೆದಾಡಿದ್ದೇ ಅಲೆದಾಡಿದ್ದು, ಕೊನೆಗೆ 2025ರ ಏಪ್ರಿಲ್‌ನಲ್ಲಿ ಸರ್ಕಾರ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಾಗಿದ್ದರೂ ಸಾಕು ಅಂತ ಸಡಿಲಿಸಿತು. ಈಗ ಚಿಕ್ಕ ಮಗು ಇರುವವರು ಮಾಡಬೇಕಾದ್ದು ಇಷ್ಟೇ. ಜೂನ್ 1ಕ್ಕೆ ಎಲ್‌ಕೆಜಿಗೆ ನಾಲ್ಕು, ಯುಕೆಜಿಗೆ ಐದು, ಒಂದನೇ ಕ್ಲಾಸಿಗೆ ಆರು ತುಂಬುತ್ತದಾ ಅಂತ ಬೆರಳು ಮಡಚಿ ಲೆಕ್ಕ ಹಾಕಿ. ಸಡಿಲಿಕೆ ಪ್ರತಿ ವರ್ಷ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಬೇಗ ಸೇರಿಸಿದರೆ ಒಂದು ವರ್ಷ ಉಳಿಯುತ್ತದೆ ಅನ್ನುವ ಆಸೆಯೇ ನನಗೆ ಅರ್ಥವಾಗಲ್ಲ, ಉಳಿದ ವರ್ಷ ಏನು ಮಾಡ್ತೀರಾ?

ಊರಿನ ಸರ್ಕಾರಿ ಶಾಲೆಯಲ್ಲೇ ಎಲ್‌ಕೆಜಿ ತೆರೆಸಬೇಕು ಅಂತಿದ್ದರೆ ಮೊದಲು ಅಂಗನವಾಡಿ ಟೀಚರ್ ಹತ್ತಿರ ಕೂತು ಮಾತಾಡಿ. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಇಲಾಖೆಯದ್ದು, ಶಾಲೆ ಶಿಕ್ಷಣ ಇಲಾಖೆಯದ್ದು. 1975ರಲ್ಲಿ ತಿ. ನರಸೀಪುರ ತಾಲ್ಲೂಕಿನಿಂದ ನಮ್ಮಲ್ಲಿ ಶುರುವಾದ ವ್ಯವಸ್ಥೆ ಅಂಗನವಾಡಿ. ಮಕ್ಕಳೆಲ್ಲ ಶಾಲೆಗೆ ಹೋದರೆ ತಮ್ಮ ಕೇಂದ್ರವೇ ಮುಚ್ಚುತ್ತದೆ ಅನ್ನುವ ಭಯದಿಂದ 2024ರಲ್ಲಿ ಅಂಗನವಾಡಿ ಟೀಚರ್‌ಗಳು ಬೀದಿಗಿಳಿದಿದ್ದರು. ಆ ಭಯ ಸುಳ್ಳಲ್ಲ.

ಇನ್ನು ಶಾಲೆ. ಕೆಲಸ ಜಾಸ್ತಿ ಇರುವುದು ಇಲ್ಲೇ. ನಿಮ್ಮ ಕೈಯಲ್ಲಿರುವ ಅಸ್ತ್ರ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. 2001ರಿಂದ ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧ ಹೆಂಗಸರಿರಬೇಕು. ಎಷ್ಟೋ ಕಡೆ ಹೆಸರು ಹೆಂಡತಿಯದ್ದು, ಸಭೆಗೆ ಬರುವವನು ಗಂಡ. ಮೊದಲು ಅದನ್ನು ಸರಿ ಮಾಡಿ.

ಆಮೇಲೆ ಮಕ್ಕಳನ್ನು, ಮೇಷ್ಟ್ರನ್ನು ಎಣಿಸಿ. ಒಂದರಿಂದ ಐದನೇ ಕ್ಲಾಸ್‌ವರೆಗೆ 60 ಮಕ್ಕಳ ತನಕ ಇಬ್ಬರು ಮೇಷ್ಟ್ರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಆರರಿಂದ ಎಂಟಕ್ಕೆ 35 ಮಕ್ಕಳಿಗೆ ಒಬ್ಬರು, ಜೊತೆಗೆ ಗಣಿತ-ವಿಜ್ಞಾನಕ್ಕೆ, ಸಮಾಜಕ್ಕೆ, ಭಾಷೆಗೆ ಒಬ್ಬೊಬ್ಬರು. ಇದು ಕಾಯ್ದೆಯಲ್ಲೇ ಇರುವ ಲೆಕ್ಕ, ಯಾರ ದಯೆಯೂ ಅಲ್ಲ. ನಿಮ್ಮ ಶಾಲೆಯ ಯುಡೈಸ್ ಸಂಖ್ಯೆ, ಅಂದರೆ ಸರ್ಕಾರ ಪ್ರತಿ ಶಾಲೆಗೂ ಕೊಟ್ಟಿರುವ ಗುರುತಿನ ನಂಬರ್, ಕೇಳಿ ತಗೊಳ್ಳಿ. 11 ಅಂಕಿ ಇರುತ್ತದೆ, ಕರ್ನಾಟಕದ್ದು 29ರಿಂದ ಶುರು. ಯುಡೈಸ್ ವೆಬ್‌ಸೈಟಿನಲ್ಲಿ ಅದನ್ನು ಹಾಕಿ ಹುಡುಕಿದರೆ ಶಾಲೆ ಇಲಾಖೆಗೆ ಏನು ಬರೆದುಕೊಟ್ಟಿದೆ ಅಂತ ಕಾಣುತ್ತದೆ. ಶೌಚಾಲಯ ‘ಇದೆ’ ಅಂತ ಬರೆದಿದ್ದು, ಒಳಗೆ ನೀರೇ ಇಲ್ಲದಿದ್ದರೆ ಜಗಳ ಅಲ್ಲಿಂದಲೇ ಶುರು ಮಾಡಬಹುದು.

ಸಭೆಯಲ್ಲಿ ಬಾಯಿಮಾತು ಬೇಡ. ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ, ಅದರ ಪ್ರತಿ ಇಟ್ಟು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಅರ್ಜಿ ಕೊಡಿ. ಎರಡು ಪ್ರತಿ ಒಯ್ಯಿರಿ, ಒಂದಕ್ಕೆ ಸೀಲ್ ಹಾಕಿಸಿಕೊಂಡು ವಾಪಸ್ ತನ್ನಿ. ಉತ್ತರ ಬರಲಿಲ್ಲವಾ? ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು. ನಾನು ಮೊದಲ ಸಲ ಸಿಟ್ಟಿನಲ್ಲಿ ಮೇಷ್ಟ್ರು, ಕಾಂಪೌಂಡ್, ಬಿಸಿಯೂಟ ಎಲ್ಲ ಸೇರಿಸಿ ಎರಡು ಪುಟ ಬರೆದಿದ್ದೆ, ಅರ್ಜಿ ಹಾಗೇ ವಾಪಸ್ ಬಂತು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಎರಡನೇ ಸಲ ಮೇಷ್ಟ್ರ ವಿಷಯ ಮಾತ್ರ ಕೇಳಿದೆ, ಉತ್ತರ ಬಂತು. ಮೇಷ್ಟ್ರು ಬರೋಕೆ ಇನ್ನೂ ಆರು ತಿಂಗಳು ಹಿಡಿಯಿತು, ಅದು ಬೇರೆ ಮಾತು.

ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳ ಮನೆಯವರು ಎರಡು ಬದಲಾವಣೆ ನೆನಪಿಡಿ. 2024ರಿಂದ ಪೂರಕ ಪರೀಕ್ಷೆ ಅಂತಿಲ್ಲ, ಪರೀಕ್ಷೆ 1, 2, 3 ಇವೆ, ಹೆಚ್ಚು ಬಂದ ಅಂಕ ಉಳಿಯುತ್ತದೆ. ಪಾಸಾದವರೂ ಅಂಕ ಏರಿಸಿಕೊಳ್ಳಲು ಮತ್ತೆ ಬರೆಯಬಹುದು. ಇನ್ನೊಂದು, 2025-26ರಿಂದ ಪಾಸಿಗೆ ಒಟ್ಟು ಶೇ 33 ಸಾಕು, ಅಂದರೆ ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 206. ‘33 ಸಾಕಂತೆ’ ಅಂತ ಒಂದು ವಿಷಯವನ್ನು ಪೂರ್ತಿ ಕೈಬಿಟ್ಟರೆ ಕೆಟ್ಟಿರಿ, ಯಾಕಂದರೆ ಪ್ರತಿ ವಿಷಯದಲ್ಲೂ ಕನಿಷ್ಠ ಶೇ 30 ಬೇಕು.

ಡಿಗ್ರಿಯದ್ದು ಇನ್ನೂ ಸಿಕ್ಕು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಬಂತು. 2024ರಲ್ಲಿ ಇದೇ ಥೋರಟ್ ಆಯೋಗದ ಮಧ್ಯಂತರ ವರದಿ ಆಧರಿಸಿ ಆದೇಶ ಹೊರಟು, ಆ ವರ್ಷ ಸೇರಿದವರಿಗೆ ಮತ್ತೆ ಮೂರೇ ವರ್ಷ. ಅಂದರೆ ವರದಿ ಕೆಲವು ಸಲ ತಿಂಗಳುಗಳಲ್ಲೇ ಆದೇಶವಾಗುತ್ತದೆ, ಕೆಲವು ಸಲ ಕಪಾಟಿನಲ್ಲೇ ಇರುತ್ತದೆ. ಆ ವರ್ಷ ಒಂದೇ ಕಾಲೇಜಿನಲ್ಲಿ ಅಣ್ಣನಿಗೊಂದು ಸಿಲಬಸ್, ತಂಗಿಗೊಂದು ಸಿಲಬಸ್ ಆಯಿತು. ಹಾಗಾಗಿ ಸೀನಿಯರ್ಸ್ ಹೇಳಿದ್ದನ್ನು ನಂಬಿ ವಿಷಯ ಆರಿಸಬೇಡಿ. ನೀವು ಸೇರುವ ವರ್ಷದ ನಿಯಮವನ್ನು ವಿಶ್ವವಿದ್ಯಾಲಯದ ಸುತ್ತೋಲೆಯಲ್ಲೇ ಓದಿ, ಆ ಪುಟವನ್ನು ಫೋನಿನಲ್ಲಿ ಇಟ್ಟುಕೊಂಡು ಆಮೇಲೆ ಫೀಸ್ ಕಟ್ಟಿ.