ಒಂದೇ ಕಂಪ್ಯೂಟರಿನಲ್ಲಿ ನಾಲ್ವರು: ‘ಹೀರೋಸ್ 3’ ಆಟಕ್ಕೆ ಹಾಟ್‌ಸೀಟ್ ಸಿದ್ಧತೆ

ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಸಂಸ್ಥೆ ರೂಪಿಸಿದ, 1999ರಲ್ಲಿ ಹೊರಬಂದ ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3’ ಊರು, ಸೈನ್ಯ ಕಟ್ಟಿ ಎದುರಾಳಿಗಳೊಡನೆ ಕಾದಾಡುವ, ಸರದಿಯ ಮೇಲೆ ನಡೆಯುವ ಕಂಪ್ಯೂಟರ್ ಆಟ. ಒಬ್ಬರ ಸರದಿ ಮುಗಿದ ಮೇಲೆಯೇ ಇನ್ನೊಬ್ಬರದು ಬರುವುದರಿಂದ, ನೆಟ್‌ವರ್ಕ್ ಆಗಲಿ ಎರಡನೆಯ ಯಂತ್ರವಾಗಲಿ ಇಲ್ಲದೆ, ಚೌಕಾಬಾರಕ್ಕೆ ಕುಳಿತಂತೆ ಒಂದೇ ಪರದೆಯ ಸುತ್ತ ಎಂಟು ಮಂದಿಯವರೆಗೂ ಕುಳಿತು ಆಡಬಹುದು. ಈ ವಿಧಾನಕ್ಕೆ ಆಟದಲ್ಲಿರುವ ಹೆಸರು ಹಾಟ್‌ಸೀಟ್.

ಆಟವನ್ನು ಹೊಸದಾಗಿ ಕೊಳ್ಳುವವರು ಎರಡೂ ವಿಸ್ತರಣೆಗಳು (ಮೂಲ ಆಟಕ್ಕೆ ಅನಂತರ ಬಂದ ಹೆಚ್ಚುವರಿ ಭಾಗಗಳು) ಸೇರಿರುವ ‘ಕಂಪ್ಲೀಟ್’ ಆವೃತ್ತಿಯನ್ನೇ ಆರಿಸಿಕೊಳ್ಳಬೇಕು. 2015ರ ಎಚ್‌ಡಿ ಆವೃತ್ತಿಯ ಚಿತ್ರಗಳು ಸ್ಪಷ್ಟವಾಗಿದ್ದರೂ ಅದರಲ್ಲಿ ವಿಸ್ತರಣೆಗಳಿಲ್ಲ. ಹಾಟ್‌ಸೀಟಿಗೆ ಬಹಳ ಉಪಯುಕ್ತವಾದ, ನಕ್ಷೆಯನ್ನು, ಅಂದರೆ ಆಟ ನಡೆಯುವ ನೆಲವನ್ನು, ತಾನೇ ರಚಿಸಿಕೊಡುವ ಸೌಲಭ್ಯ ಬಂದದ್ದು ಮೊದಲ ವಿಸ್ತರಣೆಯ ಜೊತೆಗೆ.

ಮುಖ್ಯ ಪರದೆಯಲ್ಲಿ ‘ನ್ಯೂ ಗೇಮ್’, ಅದರೊಳಗೆ ‘ಮಲ್ಟಿಪ್ಲೇಯರ್’, ಮತ್ತೆ ಅದರೊಳಗೆ ‘ಹಾಟ್‌ಸೀಟ್’ ಒತ್ತಿದರೆ ಹೆಸರುಗಳನ್ನು ಬರೆಯುವ ಸಾಲುಗಳು ತೆರೆದುಕೊಳ್ಳುತ್ತವೆ. ಆಡುವವರೆಲ್ಲರ ಹೆಸರನ್ನು ಇಲ್ಲಿಯೇ ಬರೆಯಬೇಕು. ಅನಂತರ ಬರುವ ನಕ್ಷೆಗಳ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಎರಡು ಅಂಕಿಗಳಿರುತ್ತವೆ: ಮೊದಲನೆಯದು ಒಟ್ಟು ಆಟಗಾರರ ಸಂಖ್ಯೆ, ಎರಡನೆಯದು ಅವರಲ್ಲಿ ಎಷ್ಟು ಸ್ಥಾನಗಳನ್ನು ಮನುಷ್ಯರು ಆಡಬಹುದು ಎಂಬುದು. ನೋಡಬೇಕಾದದ್ದು ಎರಡನೆಯ ಅಂಕಿಯನ್ನು.

ನಕ್ಷೆ ದೊಡ್ಡದಾದಷ್ಟೂ ಚೆನ್ನ ಎಂದು ಹೊಸಬರಿಗೆ ಅನ್ನಿಸುವುದು ಸಹಜ. ಆದರೆ 144 ಚೌಕ ಉದ್ದ, 144 ಚೌಕ ಅಗಲದ ಅತಿ ದೊಡ್ಡ ನಕ್ಷೆಯಲ್ಲಿ ನಾಲ್ವರು ಒಬ್ಬರನ್ನೊಬ್ಬರು ಎದುರುಗೊಳ್ಳುವಷ್ಟರಲ್ಲಿ ಇಡೀ ಭಾನುವಾರ ಕಳೆದುಹೋಗಿರುತ್ತದೆ. ಇಬ್ಬರಿಗೆ 36 ಚೌಕದ ಸಣ್ಣ ನಕ್ಷೆ, ಮೂವರು ನಾಲ್ವರಿಗೆ 72 ಚೌಕದ ಮಧ್ಯಮ ನಕ್ಷೆ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಒಬ್ಬರಿಗೆ ಮೊದಲೇ ಪರಿಚಯವಿರುವ ನಕ್ಷೆಯನ್ನು ಆಡುವುದು ಉಳಿದವರಿಗೆ ಅನ್ಯಾಯವಾದ್ದರಿಂದ, ಹೊಸ ನಕ್ಷೆಯನ್ನು ಆಟದಿಂದಲೇ ರಚಿಸಿಕೊಳ್ಳುವುದು ಒಳ್ಳೆಯದು. ಆಗ ನೀರಿಲ್ಲದ ನೆಲವನ್ನು ಆರಿಸಿಕೊಂಡರೆ ಹಡಗು ಕಟ್ಟಿಸುವ ಕೆಲಸ ತಪ್ಪಿ ಆಟ ಬೇಗ ಬಿಸಿಯೇರುತ್ತದೆ.

‘ಅಡ್ವಾನ್ಸ್‌ಡ್ ಆಪ್ಷನ್ಸ್’ ಪುಟದಲ್ಲಿ ಬಾವುಟಗಳ ಮೇಲೆ ಒತ್ತಿ ಯಾರಿಗೆ ಯಾವ ಬಣ್ಣ ಎಂಬುದನ್ನು ನಿಗದಿ ಮಾಡಬಹುದು. ಸರದಿ ಸಾಗುವುದು ಬಣ್ಣದ ಕ್ರಮದಲ್ಲಿ, ಕೆಂಪು ಮೊದಲು, ನೀಲಿ ಅನಂತರ. ಆದಕಾರಣ ಮೊದಲ ಬಾರಿಗೆ ಆಡುವವರಿಗೆ ಕೆಂಪನ್ನು ಕೊಡದೆ, ಬಲ್ಲವರು ಮೊದಲು ಆಡಿ ತೋರಿಸಿದರೆ ಕಲಿಯುವುದು ಸುಲಭ. ಅದೇ ಪುಟದ ಕೆಳಗಿರುವ ಜಾರುಪಟ್ಟಿಯನ್ನು (ಸ್ಲೈಡರ್) ಸರಿಸಿ ಸರದಿಯ ಅವಧಿಯನ್ನು ಗೊತ್ತುಮಾಡಬೇಕು. ಮಿತಿಯಿಲ್ಲದೆ ಬಿಟ್ಟರೆ ಒಬ್ಬರು ಯೋಚಿಸುತ್ತಾ ಕುಳಿತಾಗ ಮೂವರು ಎದ್ದು ಹೋಗುತ್ತಾರೆ. ನಾಲ್ವರಿಗೆ 4 ನಿಮಿಷ ಹದವಾದ ಅವಧಿ.

ಇನ್ನು ಕುರ್ಚಿ ಬದಲಾಗುವ ಕ್ಷಣಕ್ಕೆ ಬರೋಣ, ಏಕೆಂದರೆ ಹಾಟ್‌ಸೀಟ್ ಕೆಡುವುದು ಅಲ್ಲಿಯೇ. ಸರದಿ ಮುಗಿಸಿದೊಡನೆ ಮುಂದಿನವರ ಹೆಸರು ಹೊತ್ತ ಸಣ್ಣ ಪೆಟ್ಟಿಗೆಯೊಂದು ಮೂಡುತ್ತದೆ. ಅದನ್ನು ಒಪ್ಪುವವರೆಗೆ ಅವರ ನಕ್ಷೆ ಕಾಣಿಸುವುದಿಲ್ಲ. ಎದ್ದುಹೋಗುವವರು ಅವಸರದಲ್ಲಿ ಅದನ್ನು ತಾವೇ ಒತ್ತಿಬಿಟ್ಟರೆ ಎದುರಾಳಿಯ ಊರು, ಸೈನ್ಯ, ಬೊಕ್ಕಸ ಎಲ್ಲವೂ ಅವರ ಕಣ್ಣಮುಂದೆ ಬಿಚ್ಚಿಕೊಳ್ಳುತ್ತವೆ. ಆದ್ದರಿಂದ ಆ ಪೆಟ್ಟಿಗೆಯನ್ನು ಮುಟ್ಟುವ ಹಕ್ಕು ಅದರಲ್ಲಿ ಹೆಸರಿರುವವರಿಗೆ ಮಾತ್ರ, ಅದೂ ಉಳಿದವರೆಲ್ಲ ಪರದೆಗೆ ಬೆನ್ನು ಮಾಡಿದ ಮೇಲೆ, ಎಂದು ಮೊದಲೇ ಮಾತಾಡಿಕೊಂಡಿರಬೇಕು. ಇಬ್ಬರು ಮನುಷ್ಯರ ಸೈನ್ಯಗಳು ಎದುರಾದಾಗ ಮಾತ್ರ ಇಬ್ಬರೂ ಒಟ್ಟಿಗೆ ಕುಳಿತು, ತಮ್ಮ ತಮ್ಮ ಪಡೆಯ ಪಾಳಿ ಬಂದಾಗ ಮೌಸನ್ನು ಕೈ ಬದಲಿಸಿಕೊಳ್ಳುತ್ತಾ ಕಾದಾಡುತ್ತಾರೆ. ಕೋಣೆಯಲ್ಲಿದ್ದವರೆಲ್ಲ ಸುತ್ತ ನೆರೆಯುವುದು ಆಗಲೇ.

ಆಟ ಒಂದೇ ದಿನದಲ್ಲಿ ಮುಗಿಯದಿದ್ದರೆ ಸರದಿಯ ಆರಂಭದಲ್ಲಿ ಉಳಿಸಿ ನಿಲ್ಲಿಸುವುದು ಉತ್ತಮ. ಮತ್ತೆ ತೆರೆಯುವಾಗ ‘ಲೋಡ್ ಗೇಮ್’ ಒಳಗೆ ಹೋಗಿ ಪುನಃ ಮಲ್ಟಿಪ್ಲೇಯರ್, ಹಾಟ್‌ಸೀಟ್ ಎಂಬ ದಾರಿಯಲ್ಲೇ ಸಾಗಬೇಕು. ಒಬ್ಬರೇ ಆಡುವ ಆಟಗಳ ಪಟ್ಟಿಯಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ.