ಇದ್ದಿಲು, ಹಸಿ ಕಾಫಿಬೀಜ ಮತ್ತು ಉದ್ದಿನ ವರ್ಬಾಸ್ಕೋಸ್

ಎಚ್‌ಪಿಎಲ್‌ಸಿ ಎಂಬ, ಸಕ್ಕರೆಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ ಇಲ್ಲದೆ ಉದ್ದಿನಿಂದ ವರ್ಬಾಸ್ಕೋಸ್ ಎಂಬ ಸಕ್ಕರೆಯನ್ನು ಬೇರ್ಪಡಿಸುತ್ತಿದ್ದೇನೆ ಎಂದು ಒಂದು ವಿಚಾರ ಸಂಕಿರಣದ ಊಟದ ಸಾಲಿನಲ್ಲಿ ಬಾಯಿ ಬಿಟ್ಟೆ. ಹಿಂದೆ ತಟ್ಟೆ ಹಿಡಿದು ನಿಂತಿದ್ದ ಹಿರಿಯರೊಬ್ಬರು, "ಪ್ಲೇಟಿನ ಮೇಲೆ ಚುಕ್ಕೆ ಕಂಡವರೆಲ್ಲ ಅದಕ್ಕೆ ಹೆಸರಿಟ್ಟುಬಿಟ್ಟರೆ ಆಯಿತೇ?" ಎಂದರು. ಸುತ್ತಲಿದ್ದವರು ನಕ್ಕರು. ಮಾತು ಚುಚ್ಚಿತು, ಆದರೆ ಅದು ಸುಳ್ಳಾಗಿರಲಿಲ್ಲ. ಆಗ ನನ್ನ ಕೈಯಲ್ಲಿ ಇದ್ದದ್ದು ಚುಕ್ಕೆಗಳೇ: ಸಿಲಿಕಾ ಬಳಿದ ಪ್ಲೇಟಿನ ಮೇಲೆ ದ್ರವ ಏರಿದಂತೆ ಒಂದೊಂದು ಸಕ್ಕರೆ ಒಂದೊಂದು ಎತ್ತರದಲ್ಲಿ ನಿಂತು ಮೂಡಿಸುವ ಗುರುತು. ಅವಕ್ಕೆ ಹೆಸರಿಡುವ ಹಕ್ಕು ಸಿಗುವುದಕ್ಕೆ ಮತ್ತೆರಡು ವರ್ಷ ಬೇಕಾಯಿತು.

ನಾನು ಹಾಸನದ ಕಡೆಯ ಒಂದು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನು. ಹುರುಳಿ, ಅಲಸಂದೆ, ಅವರೆ, ಉದ್ದು ಇವುಗಳ ರ್‍ಯಾಫಿನೋಸ್ ಕುಟುಂಬದ ಸಕ್ಕರೆಗಳನ್ನು ಅಳೆಯಬೇಕೆಂಬ ಹುಚ್ಚು ಹತ್ತಿದ್ದು ಎಂಎಸ್ಸಿ ಹುಡುಗರ ಪ್ರಾಜೆಕ್ಟ್ ಒಂದರಿಂದ. ಸುಕ್ರೋಸಿಗೆ, ಅಂದರೆ ಮಾಮೂಲಿ ಸಕ್ಕರೆಗೆ, ಒಂದು ಗ್ಯಾಲಕ್ಟೋಸ್ ಅಂಟಿದರೆ ರ್‍ಯಾಫಿನೋಸ್, ಎರಡು ಅಂಟಿದರೆ ಸ್ಟ್ಯಾಕಿಯೋಸ್, ಮೂರು ಅಂಟಿದರೆ ವರ್ಬಾಸ್ಕೋಸ್. ಹೋಲಿಸಿ ನೋಡಲು ಇವುಗಳ ಶುದ್ಧ ಮಾದರಿ, ಅಂದರೆ ಸ್ಟ್ಯಾಂಡರ್ಡ್, ಬೇಕಿತ್ತು. ರ್‍ಯಾಫಿನೋಸ್ ಕೈಗೆಟಕುವ ಬೆಲೆಗೆ ಸಿಕ್ಕಿತು. ಸ್ಟ್ಯಾಕಿಯೋಸ್ ಒಂದು ಗ್ರಾಂಗೆ ಬೆವರು ಬಂತು. ವರ್ಬಾಸ್ಕೋಸ್ 100 ಮಿಲಿಗ್ರಾಂಗೆ ಐದಂಕಿಯ ಬೆಲೆ ಹೇಳಿದರು. ಫೋನ್ ಇಟ್ಟ ಮೇಲೆ ಅನ್ನಿಸಿತು: ಉದ್ದಿನಬೇಳೆಯಲ್ಲಿ ಈ ವಸ್ತು ಗ್ರಾಂಗಟ್ಟಲೆ ಕೂತಿದೆ, ದಿನಸಿ ಅಂಗಡಿಯಲ್ಲಿ ಕಿಲೋಗೆ ನೂರೈವತ್ತು ರೂಪಾಯಿ ಕೊಟ್ಟರೆ ಸಾಕು. ಸ್ಟ್ಯಾಂಡರ್ಡ್ ಅನ್ನು ನಾನೇ ಏಕೆ ಮಾಡಿಕೊಳ್ಳಬಾರದು?

ಮೊದಲ ಆರು ತಿಂಗಳು ಶುದ್ಧ ನಷ್ಟ. ಕಾಗದದ ಕ್ರೊಮ್ಯಾಟೋಗ್ರಫಿಯಿಂದ ಶುರು ಮಾಡಿದೆ, ಏಕೆಂದರೆ ಕಪಾಟಿನಲ್ಲಿ ಹಳೆಯ ಗಾಜಿನ ತೊಟ್ಟಿ ಇತ್ತು. ಬ್ಯೂಟನಾಲ್, ಅಸಿಟಿಕ್ ಆಮ್ಲ, ನೀರು 4:1:5ರ ಮೇಲಿನ ಪದರ, ಮೂರು ದಿನದ ಓಟ. ಸುಕ್ರೋಸ್ ನಡೆಯಿತು, ರ್‍ಯಾಫಿನೋಸ್ ತೆವಳಿತು, ಅದರಾಚೆಯವು ಹೊಸ್ತಿಲು ದಾಟಲಿಲ್ಲ. ಆ ವಾಸನೆಗೆ ಪಕ್ಕದ ಸಸ್ಯಶಾಸ್ತ್ರದವರು ಬಾಗಿಲು ಹಾಕಿಕೊಂಡು ಪಾಠ ಮಾಡುತ್ತಿದ್ದರು. ಸಿಲಿಕಾ ಪ್ಲೇಟಿಗೆ ಬಂದ ಮೇಲೆ 2:1:1ರಲ್ಲಿ ನಾಲ್ಕು ಗಂಟೆಗೆ ಕೆಲಸ ಮುಗಿಯತೊಡಗಿತು. ಅರ್ಧ ಕಿಲೋ ಸಿಲಿಕಾ ಜೆಲ್ ಜಿ ತಂದರೆ ಇಪ್ಪತ್ತು ಸೆಂಟಿಮೀಟರಿನ ಪ್ಲೇಟ್ ಎಂಬತ್ತರ ಹತ್ತಿರ ಆಗುತ್ತವೆ. ನನ್ನ ಮೊದಲ ಮೂವತ್ತು ಪ್ಲೇಟುಗಳು ಚರಂಡಿ ಪಾಲಾದವು: ಕೆಲವು ದಪ್ಪ, ಕೆಲವು ತೆಳು, ಕೆಲವಂತೂ ಸ್ಪ್ರೇ ಮಾಡಿದ ಕೂಡಲೇ ಹಳೆಯ ಗೋಡೆಯ ಸುಣ್ಣದ ಹಾಗೆ ಕಳಚಿಕೊಂಡವು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಲವಣದಿಂದ. ಬೇಳೆಯ ಸಾರದಲ್ಲಿ ಲವಣವಿದ್ದರೆ ಚುಕ್ಕೆ ಚುಕ್ಕೆಯಾಗಿ ನಿಲ್ಲುವುದಿಲ್ಲ, ಧೂಮಕೇತುವಿನಂತೆ ಬಾಲ ಬಿಡುತ್ತದೆ. ಸರಿ, ಲವಣ ಹಿಡಿಯುವ ರೆಸಿನ್ ಹರಳು ತುಂಬಿದ ಕೊಳವೆಯಲ್ಲಿ, ಅಂದರೆ ಕಾಲಂನಲ್ಲಿ, ಇಳಿಸೋಣ ಎಂದು ಸಾರವನ್ನು ಹೈಡ್ರೋಜನ್ ರೂಪದ ಬಲವಾದ ಕ್ಯಾಟಯಾನ್ ರೆಸಿನ್ ಮೇಲೆ ಸುರಿದು, ನಿಧಾನವಾಗಿ ಇಳಿಯಲಿ ಎಂದು ರಾತ್ರಿ ಬಿಟ್ಟು ಮನೆಗೆ ಹೋದೆ. ಏಪ್ರಿಲ್ ತಿಂಗಳ ಸೆಕೆ ಬೇರೆ. ಮರುದಿನ ಪ್ಲೇಟಿನ ಮೇಲೆ ಫ್ರಕ್ಟೋಸ್ ಇರುವ ಜಾಗದಲ್ಲಿ ಕೆಂಪು ಛಾಯೆಯ ದೊಡ್ಡ ಚುಕ್ಕೆ, ರ್‍ಯಾಫಿನೋಸ್ ಅರ್ಧಕ್ಕರ್ಧ ಮಾಯ. ಹುರುಳಿಯಲ್ಲಿ ಇಷ್ಟೊಂದು ಫ್ರಕ್ಟೋಸ್ ಇದೆಯೇ ಎಂದು ಹಿಗ್ಗಿ ಹುಡುಗರಿಗೆ ತೋರಿಸಿದೆ, ನೋಟ್‌ಬುಕ್ಕಿನಲ್ಲಿ ಎರಡು ಗೆರೆ ಎಳೆದು ಬರೆದೆ. ಹದಿನೈದು ದಿನವಾದ ಮೇಲೆ, ಬರೀ ಸಕ್ಕರೆ ನೀರನ್ನು ಅದೇ ಕಾಲಂನಲ್ಲಿ ಇಳಿಸಿದಾಗಲೂ ಅದೇ ಚುಕ್ಕೆ ಬಂದಾಗ ಗೊತ್ತಾಯಿತು: ಫ್ರಕ್ಟೋಸಿನ ಕೊಂಡಿಯನ್ನು ರೆಸಿನ್ನಿನ ಆಮ್ಲವೇ ಕತ್ತರಿಸುತ್ತಿತ್ತು. ಹಿಗ್ಗಿದ್ದಕ್ಕೆ ಆದ ನಾಚಿಕೆಯನ್ನು ಲೆಕ್ಕ ಹಾಕದಿದ್ದರೂ ರೆಸಿನ್ನಿಗೆ ಕೊಟ್ಟ ನಾಲ್ಕೂವರೆ ಸಾವಿರ ಹೋಯಿತು.

ಕೈ ಹಿಡಿದದ್ದು ಇದ್ದಿಲು. ವಿಸ್ಲರ್ ಮತ್ತು ಡರ್ಸೊ ಎಂಬ ರಸಾಯನಶಾಸ್ತ್ರಜ್ಞರು 1950ರಲ್ಲಿ ಹೇಳಿದ ಇದ್ದಿಲು–ಸೆಲೈಟ್ ಕಾಲಂ, ಅಂದರೆ ಇದ್ದಿಲನ್ನು ಸೆಲೈಟ್ ಎಂಬ ಸೋಸುವ ಪುಡಿಯೊಡನೆ ಬೆರೆಸಿ ತುಂಬಿದ ಕೊಳವೆ. ಈಗ ಅದನ್ನು ಯಾರೂ ಹೊರಗೆ ತೆಗೆಯುವುದಿಲ್ಲ. ಅದರ ಸೊಗಸು ಎಂದರೆ ನೀರು ಹರಿಸಿದಾಗ ಲವಣವೂ ಒಂಟಿ ಸಕ್ಕರೆಗಳೂ ಒಟ್ಟಿಗೆ ತೊಲಗುತ್ತವೆ, ರೆಸಿನ್ನಿನ ಗೊಡವೆಯೇ ಬೇಡ. ಆಮೇಲೆ ಎಥನಾಲಿನ ಪ್ರಮಾಣವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದಂತೆ ದೊಡ್ಡ ದೊಡ್ಡ ಸಕ್ಕರೆಗಳು ಕೆಳಗಿಳಿಯುತ್ತವೆ. ಶೇ 5ಕ್ಕೆ ಸುಕ್ರೋಸ್, ಶೇ 15ರ ಆಸುಪಾಸು ರ್‍ಯಾಫಿನೋಸ್. ಸ್ಟ್ಯಾಕಿಯೋಸ್ ಮತ್ತು ವರ್ಬಾಸ್ಕೋಸ್ ಎಲ್ಲಿ ಬೇರೆಯಾಗುತ್ತವೆ ಎಂಬುದು ನಿಮ್ಮ ಇದ್ದಿಲನ್ನು ಅವಲಂಬಿಸಿದೆ. ನನ್ನ ಇದ್ದಿಲಿಗೆ ಅದು ಎಲ್ಲಿ ಎಂದು ನಾನು ಹೇಳುವುದಿಲ್ಲ. ಅದನ್ನು ಕಂಡುಕೊಳ್ಳಲು ಹನ್ನೊಂದು ಕಾಲಂ ಓಡಿಸಿದ್ದೇನೆ, ನೀವೂ ನಾಲ್ಕಾದರೂ ಓಡಿಸಿ.

ಇಲ್ಲೂ ಪಾಡು ಪಟ್ಟೆ. ಮೊದಲ ಕಾಲಂ ಕಟ್ಟಿಕೊಂಡು ಒಂದು ಹನಿಗೆ ಒಂದು ನಿಮಿಷ ಕಾಯಿಸಿತು. ಇದ್ದಿಲಿನ ನಯವಾದ ಪುಡಿಯನ್ನು ನೀರಿನಲ್ಲಿ ಕದಡಿ, ಮೇಲೆ ತೇಲುವ ಕಪ್ಪನ್ನು ಏಳೆಂಟು ಸಲ ಬಗ್ಗಿಸಿ ಚೆಲ್ಲಬೇಕು, ಅಕ್ಕಿ ತೊಳೆದ ಹಾಗೆ. ಎರಡನೆಯದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲದಿಂದ ತೊಳೆದ ಇದ್ದಿಲನ್ನು ನೀರಿನಿಂದ ಸರಿಯಾಗಿ ತೊಳೆಯದೆ ತುಂಬಿ, ರೆಸಿನ್ನಿನ ಕಥೆಯನ್ನೇ ಮತ್ತೊಮ್ಮೆ ಆಡಿಸಿದೆ. ಮೂರನೆಯದು ಸರಿಯಾಗಿತ್ತು, ಆದರೆ ಭಾಗಗಳನ್ನು ಫ್ರಿಜ್‌ನಲ್ಲಿಟ್ಟು ದಸರಾ ರಜೆಗೆ ಹೋದೆ. ಬಂದು ನೋಡಿದರೆ ವಿದ್ಯುತ್ ಹೋಗಿ ಬಂದು, ನೀರಿನ ಭಾಗಗಳ ತಳದಲ್ಲಿ ಬಿಳಿ ಎಳೆಗಳು. ಅಂದಿನಿಂದ ಬೂಷ್ಟು ತಡೆಯಲು ಪ್ರತಿ ಸೀಸೆಗೂ ಒಂದು ಹನಿ ಟಾಲ್ವೀನ್. ಇನ್ನೊಂದು ಮಾತು, ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕಲಸಬೇಡಿ. ಕುದಿಯುವ ಶೇ 70ರ ಆಲ್ಕೊಹಾಲಿಗೇ ನೇರವಾಗಿ ಹಾಕಿ. ತಣ್ಣೀರು ಸೋಕಿದರೆ ಬೇಳೆಯೊಳಗಿನ ಕಿಣ್ವಗಳೇ ಎದ್ದು ನಿಮ್ಮ ಸಕ್ಕರೆಯನ್ನು ಕತ್ತರಿಸಲು ಕೂರುತ್ತವೆ. ಸ್ಪಿರಿಟ್ ನಮಗೆ ಹನಿಹನಿ ಲೆಕ್ಕದ್ದು, ಹಾಗಾಗಿ ಬಳಸಿದ್ದನ್ನು ಭಟ್ಟಿ ಇಳಿಸಿ ಮೂರು ಸಲ ತಿರುಗಿಸಿದ್ದೇನೆ. ನಾಲ್ಕನೆಯ ಸಲಕ್ಕೆ ಬೇಳೆಯ ವಾಸನೆ ಹಿಡಿಯುತ್ತದೆ.

ಐವತ್ತು ಗ್ರಾಂ ಉದ್ದಿನ ಹಿಟ್ಟಿನಿಂದ, ಒಂದೊಂದು ಗ್ರಾಂ ಸಕ್ಕರೆಯಂತೆ ಮೂರು ಕಾಲಂ ಓಡಿಸಿ, ಕೊನೆಗೆ ಸುಮಾರು ಆರುನೂರು ಮಿಲಿಗ್ರಾಂ ಬಿಳಿ ಪುಡಿ ಸಿಕ್ಕಿತು. ಅಂಗಡಿ ಬೆಲೆಯಲ್ಲಿ ಲೆಕ್ಕ ಹಾಕಿದರೆ ಅದು ನನ್ನ ಸ್ಕೂಟರಿಗಿಂತ ದುಬಾರಿ. ಅದನ್ನು ಪುಟ್ಟ ಸೀಸೆಗೆ ಹಾಕಿ ಬೀಗದೊಳಗಿಟ್ಟೆ. ಆದರೆ ಊಟದ ಸಾಲಿನ ಪ್ರಶ್ನೆ ಹಾಗೇ ಇತ್ತು: ಇದು ವರ್ಬಾಸ್ಕೋಸ್ ಎಂದು ಯಾರು ಹೇಳಿದರು?

ಕಿಣ್ವಗಳ ಯೋಚನೆ ಬಂದದ್ದು ಸಕಲೇಶಪುರದ ಕಡೆಯ ವಿದ್ಯಾರ್ಥಿಯೊಬ್ಬನಿಂದ. ಅವರ ತೋಟದ ಕಾಫಿಯ ಬಗ್ಗೆ ಮಾತಾಡುತ್ತಿದ್ದಾಗ, ಎಲ್ಲೋ ಓದಿದ್ದು ತಟ್ಟನೆ ನೆನಪಾಯಿತು: ಹುರಿಯದ ಕಾಫಿಬೀಜದಲ್ಲಿ ಆಲ್ಫಾ ಗ್ಯಾಲಕ್ಟೋಸಿಡೇಸ್, ಅಂದರೆ ಸರಪಳಿಯ ತುದಿಯಿಂದ ಗ್ಯಾಲಕ್ಟೋಸನ್ನು ಒಂದೊಂದಾಗಿ ಕತ್ತರಿಸುವ ಕಿಣ್ವ, ಧಾರಾಳವಾಗಿದೆ. ಬಿ ಗುಂಪಿನ ರಕ್ತವನ್ನು ಓ ಆಗಿಸುವ ಪ್ರಯೋಗಗಳಲ್ಲಿ ಬಳಸಿದ್ದೂ ಕಾಫಿಬೀಜದ ಇದೇ ಕಿಣ್ವವನ್ನು. ಬಾಟಲಿಯಲ್ಲಿ ಕೊಂಡರೆ ಚಿನ್ನದ ಬೆಲೆ, ನಮ್ಮ ಜಿಲ್ಲೆಯಲ್ಲಿ ಅದು ಕಣದಲ್ಲಿ ಹರಡಿ ಒಣಗುತ್ತಿರುತ್ತದೆ. "ಒಂದು ಕೆಜಿ ಸಾಕೇ ಸರ್?" ಎಂದು ಕೇಳಿದ ಹುಡುಗ ಸೋಮವಾರ ಚೀಲವನ್ನೇ ಹೊತ್ತು ತಂದ.

ಹಸಿ ಕಾಫಿಬೀಜ ಎಂದರೆ ಕಲ್ಲು. ಮನೆಯ ಮಿಕ್ಸಿಯ ಜಾರು ಮೊದಲ ದಿನವೇ ಬಿರಿಯಿತು. ಆ ಎಂಟುನೂರು ರೂಪಾಯಿಯ ವಿಚಾರದಲ್ಲಿ ಹೆಂಡತಿ ಇನ್ನೂ ನನ್ನನ್ನು ಕ್ಷಮಿಸಿಲ್ಲ. ರಾತ್ರಿ ನೆನೆಹಾಕಿ ತಣ್ಣಗೆ ಅರೆದರೆ ಸುಲಭ. ಆದರೆ ಅರೆದ ಹತ್ತು ನಿಮಿಷಕ್ಕೆ ಸಾರ ಹಸಿರಾಗಿ, ಆಮೇಲೆ ಕಂದಾಗಿ, ಕಿಣ್ವ ಸತ್ತು ಮಲಗುತ್ತಿತ್ತು. ಮೂರು ಸಲ ಅರೆದದ್ದು ಹೀಗೇ ಹೋಯಿತು. ಕೊನೆಗೆ ಔಷಧ ಅಂಗಡಿಯ ವಿಟಮಿನ್ ಸಿ, ಬಣ್ಣಗೆಡಿಸುವ ಪದಾರ್ಥಗಳನ್ನು ಹಿಡಿದಿಡುವ ಪಿವಿಪಿಪಿ ಎಂಬ ಪುಡಿ, ಐಸ್ ನೀರು ಈ ಮೂರನ್ನೂ ಸೇರಿಸಿ ಅರೆದ ಮೇಲೆ ಬಣ್ಣ ನಿಂತಿತು. ಇದರಲ್ಲಿ ಇನ್ನೊಂದು ಸಣ್ಣ ಉಪಾಯವಿದೆ. ಅದು ಆ ಹುಡುಗನ ತಲೆಯಲ್ಲಿ ಹೊಳೆದದ್ದು, ಅವನ ಪ್ರಬಂಧದಲ್ಲೇ ಬರಲಿ. ಅಮೋನಿಯಂ ಸಲ್ಫೇಟ್ ಹಾಕಿ ಇಳಿಸಿ, ಲವಣ ಸೋಸಿ ಹೋಗಲು ಎರಡು ರಾತ್ರಿ ಡಯಾಲಿಸಿಸ್ ಮಾಡಿದರೆ ಪ್ಲೇಟಿಗೆ ಹಾಕಬಹುದಾದ ಕಿಣ್ವ ಸಿದ್ಧ. ಡಯಾಲಿಸಿಸ್ ಬಿಟ್ಟರೆ ಮತ್ತೆ ಧೂಮಕೇತು.

ಬಿಳಿ ಪುಡಿಯ ದ್ರಾವಣಕ್ಕೆ ಪಿಎಚ್ 6.5ರಲ್ಲಿ ಈ ಕಿಣ್ವ ಹಾಕಿ, ಕಾಲು ಗಂಟೆಗೊಮ್ಮೆ ಒಂದಿಷ್ಟು ತೆಗೆದು ಕುದಿಸಿ ನಿಲ್ಲಿಸಿದೆ. ಹತ್ತು ಮಾದರಿಗಳನ್ನು ಒಂದೇ ಪ್ಲೇಟಿನಲ್ಲಿ ಸಾಲಾಗಿ ಇಟ್ಟು, ಎರಡು ಸಲ ಓಡಿಸಿ, ಡೈಫಿನೈಲಮೀನ್–ಅನಿಲೀನ್–ಫಾಸ್ಫಾರಿಕ್ ಆಮ್ಲ ಸಿಂಪಡಿಸಿ ಒಲೆಯಲ್ಲಿಟ್ಟೆ. ಬಾಗಿಲು ತೆಗೆದಾಗ ಕಂಡದ್ದನ್ನು ಮರೆಯಲಾರೆ. ಮೊದಲ ಸಾಲಿನಲ್ಲಿ ಕೆಳಗೆ ಒಂದೇ ಚುಕ್ಕೆ. ಮುಂದಿನದರಲ್ಲಿ ಅದು ಮಸುಕಾಗಿ ಮೇಲೆ ಸ್ಟ್ಯಾಕಿಯೋಸ್, ಆಮೇಲೆ ರ್‍ಯಾಫಿನೋಸ್, ಕೊನೆಯ ಸಾಲುಗಳಲ್ಲಿ ಸುಕ್ರೋಸ್. ಪಕ್ಕದಲ್ಲಿ ಗ್ಯಾಲಕ್ಟೋಸಿನ ಚುಕ್ಕೆ ಸಾಲಿನಿಂದ ಸಾಲಿಗೆ ದಪ್ಪವಾಗುತ್ತಾ ಹೋಗಿತ್ತು. ಸುಕ್ರೋಸ್ ಒಂದನ್ನೇ ಇಟ್ಟ ಸಾಲು ಕೊನೆವರೆಗೂ ಅಲುಗಿರಲಿಲ್ಲ. ಅಂದರೆ ಕಾಫಿಯ ಸಾರದಲ್ಲಿ ಸುಕ್ರೋಸನ್ನು ಒಡೆಯುವ ಇನ್ವರ್ಟೇಸ್ ಕಿಣ್ವದ ಕಾಟ ಇರಲಿಲ್ಲ. ಅಟೆಂಡರ್ ರಂಗಪ್ಪನವರನ್ನು ಕೂಗಿ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು, "ಮಳೆ ಬಂದು ನಿಂತ ಮೇಲೆ ಅಂಗಳದಲ್ಲಿ ಕೋಳಿ ನಡೆದ ಹಾಗಿದೆ ಸರ್" ಎಂದರು.

ಎರಡನೆಯ ಸಾಕ್ಷಿಗೆ ಬೇಕರಿ ಯೀಸ್ಟ್. ಅದರ ಇನ್ವರ್ಟೇಸ್ ರ್‍ಯಾಫಿನೋಸನ್ನು ಮೆಲಿಬಯೋಸ್ ಮತ್ತು ಫ್ರಕ್ಟೋಸಾಗಿ ಒಡೆದು ಅಲ್ಲಿಗೇ ನಿಲ್ಲಿಸುತ್ತದೆ, ಏಕೆಂದರೆ ಬೇಕರಿ ಯೀಸ್ಟಿನಲ್ಲಿ ಮೆಲಿಬಯೋಸನ್ನು ಒಡೆಯುವ ಮೆಲಿಬಯೇಸ್ ಕಿಣ್ವ ಇಲ್ಲ. ಲಾಗರ್ ಬಿಯರಿನ ಯೀಸ್ಟ್ ತಂದಿದ್ದರೆ ಈ ಪರೀಕ್ಷೆ ಕೆಡುತ್ತಿತ್ತು. ಹತ್ತು ರೂಪಾಯಿಯ ಪೊಟ್ಟಣದಲ್ಲಿ ಇಷ್ಟು ಶಿಸ್ತಿನ ಕತ್ತರಿ ಬೇರೆಲ್ಲೂ ಸಿಗದು.

ನಡುವೆ ದಾರಿ ತಪ್ಪಿದ್ದೂ ಉಂಟು. ಗಾತ್ರದ ಅಂದಾಜಿಗೆ, ಗೊತ್ತಿರುವ ಗಾತ್ರದ ಸಕ್ಕರೆಗಳು ಮೆಟ್ಟಿಲಿನಂತೆ ನಿಂತ ಒಂದು ಏಣಿ ಬೇಕಿತ್ತು. ಗಂಜಿಗೆ ಮೊಳಕೆ ರಾಗಿಯ ಸಾರ ಹಾಕಿ ಅರ್ಧಂಬರ್ಧ ಜೀರ್ಣಿಸಿದೆ. ಗ್ಲೂಕೋಸಿನಿಂದ ಹಿಡಿದು ಆರೇಳು ಮೆಟ್ಟಿಲು ಸ್ಪಷ್ಟವಾಗಿ ಎದ್ದವು. ಮನೆಯ ಅಂಬಲಿಯನ್ನೂ ಹಾಕಿ ನೋಡಿದೆ, ಏಕೆ ಎಂದು ಕೇಳಬೇಡಿ. ಆಮೇಲೆ ಅಮ್ಮ ಹುರುಳಿ ನೆನೆಸಿದ ನೀರನ್ನು ಚೆಲ್ಲುವುದರಿಂದ ಪ್ರಯೋಜನ ಉಂಟೇ ಎಂದು ಅಳೆದೆ. ಹನ್ನೆರಡು ಗಂಟೆ ನೆನೆಸಿದ ನೀರಿನಲ್ಲಿ ಈ ಸಕ್ಕರೆಗಳ ಕಾಲು ಭಾಗದಷ್ಟು ಹೋಗಿತ್ತು. ಎರಡು ದಿನ ಮೊಳಕೆ ಕಟ್ಟಿದ ಹುರುಳಿಯಲ್ಲಿ ಮೂರರಲ್ಲಿ ಒಂದು ಪಾಲೂ ಉಳಿದಿರಲಿಲ್ಲ. ಪ್ಲೇಟ್ ತೋರಿಸಿದಾಗ ಅಮ್ಮ, "ಇದನ್ನು ಹೇಳುವುದಕ್ಕೆ ಇಷ್ಟು ಓದಬೇಕಾಯಿತೇ?" ಎಂದರು.

ಅಳತೆಯ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ಪ್ಲೇಟಿನಿಂದ ಸಕ್ಕರೆ ನಿಂತ ಪಟ್ಟಿ ಕೆರೆದು ನೀರಿಗೆ ಹಾಕಿ, ಸಿಲಿಕಾವನ್ನು ಸೆಂಟ್ರಿಫ್ಯೂಜ್ ಮಾಡಿ ಇಳಿಸಿ, 1956ರ ಡುಬಾಯ್ಸ್ ವಿಧಾನದ ಫೀನಾಲ್–ಗಂಧಕಾಮ್ಲ, 490 ನ್ಯಾನೋಮೀಟರಿನಲ್ಲಿ ಬಣ್ಣದ ಅಳತೆ. ಒಂದು ತಿಂಗಳು ನನ್ನ ಬ್ಲ್ಯಾಂಕ್, ಅಂದರೆ ಸಕ್ಕರೆ ಹಾಕದ ಪ್ರನಾಳದ ಅಳತೆ, 0.3ರಿಂದ ಕೆಳಗಿಳಿಯಲೇ ಇಲ್ಲ. ಫೀನಾಲ್ ಬದಲಿಸಿದೆ, ಆಮ್ಲ ಬದಲಿಸಿದೆ, ನೀರು ಬದಲಿಸಿದೆ. ಕಾರಣ ಪ್ರನಾಳಗಳನ್ನು ಒರೆಸುತ್ತಿದ್ದ ಹತ್ತಿ ಬಟ್ಟೆ. ಅದರ ಎಳೆಯೂ ಸೆಲ್ಯುಲೋಸೇ ತಾನೇ, ಆಮ್ಲಕ್ಕೆ ಅದೂ ಸಕ್ಕರೆಯೇ. ಸ್ಟ್ಯಾಂಡರ್ಡಿಗೆ ಗ್ಲೂಕೋಸ್ ಬಳಸಬೇಡಿ, ರ್‍ಯಾಫಿನೋಸನ್ನೇ ಬಳಸಿ; ಗ್ಯಾಲಕ್ಟೋಸ್ ಗ್ಲೂಕೋಸಿನಷ್ಟು ಬಣ್ಣ ಕೊಡುವುದಿಲ್ಲ. ಕೆರೆಯುವುದು ಬೇಸರವಾದಾಗ ಪ್ಲೇಟನ್ನು ಕಚೇರಿಯ ಸ್ಕ್ಯಾನರ್ ಮೇಲೆ ಮಗುಚಿ ಇಟ್ಟು, ಇಮೇಜ್‌ಜೆ ತಂತ್ರಾಂಶದಲ್ಲಿ ಅಳೆಯುವುದನ್ನೂ ಕಲಿತೆ. ಹುರುಳಿಗೆ ಎರಡೂ ದಾರಿಯಲ್ಲಿ ನೂರು ಗ್ರಾಂಗೆ ಎರಡು ಗ್ರಾಂ ಆಸುಪಾಸು ಸ್ಟ್ಯಾಕಿಯೋಸ್ ಬಂತು. ನಡುವೆ ಪ್ಲಾಸ್ಟಿಕ್ ಹಾಳೆ ಹಾಕದೆ ಆಮ್ಲದ ಪ್ಲೇಟ್ ಇಟ್ಟದ್ದರ ಗುರುತು ಸ್ಕ್ಯಾನರಿನ ಗಾಜಿನ ಮೇಲೆ ಇನ್ನೂ ಇದೆ. ಕಚೇರಿಯವರಿಗೆ ಅದು ಏನೆಂದು ಗೊತ್ತಿಲ್ಲ.

ಕೊನೆಗೆ ಕೈಯಿಂದ ದುಡ್ಡು ಹಾಕಿ ಆರು ಮಾದರಿಗಳನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸಿದೆ, ಒಂದಕ್ಕೆ ಎರಡೂವರೆ ಸಾವಿರದ ಲೆಕ್ಕದಲ್ಲಿ. ದ್ರಾವಣವಾಗಿ ಕಳುಹಿಸಿದ ಮೊದಲ ಸಲ ದಾರಿಯಲ್ಲೇ ಹುಳಿತು ಹೋಗಿ ಹಣ ದಂಡವಾಯಿತು. ಎರಡನೆಯ ಸಲ ಒಣಗಿಸಿ ಕಳುಹಿಸಿದೆ. ಅವರ ಯಂತ್ರದ ಅಂಕಿಗೂ ನನ್ನ ಅಂಕಿಗೂ ಸ್ಟ್ಯಾಕಿಯೋಸಿನಲ್ಲಿ ಶೇ 10ರೊಳಗಿನ ವ್ಯತ್ಯಾಸ. ವರ್ಬಾಸ್ಕೋಸಿನಲ್ಲಿ ಐದು ಹೊಂದಿದವು, ಒಂದು ಅಲಸಂದೆಯ ಮಾದರಿ ಕೈಕೊಟ್ಟಿತು, ಅದರ ಕಾರಣ ಇನ್ನೂ ಹುಡುಕುತ್ತಿದ್ದೇನೆ. ಮೂರು ವರ್ಷದಲ್ಲಿ ಒಟ್ಟು ಖರ್ಚು ನಲವತ್ತೈದು ಸಾವಿರದ ಹತ್ತಿರ, ಮಿಕ್ಸಿಯ ಜಾರು ಸೇರಿ. ಊಟದ ಸಾಲಿನ ಹಿರಿಯರಿಗೆ ಕಾಫಿ ಕಿಣ್ವದ ಪ್ಲೇಟಿನ ಚಿತ್ರ ಕಳುಹಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು: "ಆ ವರ್ಬಾಸ್ಕೋಸ್ 50 ಮಿಲಿಗ್ರಾಂ ಕೊಡಲು ಸಾಧ್ಯವೇ?" ಇಪ್ಪತ್ತು ಕೊಟ್ಟೆ.

ಈಗ ಉದ್ದಿನ ಪ್ಲೇಟಿನಲ್ಲಿ ವರ್ಬಾಸ್ಕೋಸಿಗಿಂತ ಕೆಳಗೆ, ಮೂರು ಸಲ ಓಡಿಸಿದರೆ ಮಾತ್ರ ಕಾಣುವ ಒಂದು ಮಸುಕು ಚುಕ್ಕೆ ಇದೆ. ವರ್ಬಾಸ್ಕೋಸಿಗಿಂತ ಒಂದು ಗ್ಯಾಲಕ್ಟೋಸ್ ಹೆಚ್ಚಿರುವ ಅಜುಗೋಸ್ ಇರಬೇಕು. ಬಾಯಲ್ಲಿ ಹೆಸರು ಹೇಳುತ್ತೇನೆಯೇ ಹೊರತು ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಚಿಹ್ನೆಯನ್ನೇ ಹಾಕಿದ್ದೇನೆ. ಕಿಣ್ವದ ಸೀಸೆ ಖಾಲಿ. ಈ ಸಲದ ಕಾಫಿ ಕೊಯ್ಲಿನಲ್ಲಿ ಎರಡು ಕೆಜಿ ಹಸಿ ಬೀಜ ತೆಗೆದಿಡಲು ಹುಡುಗನಿಗೆ ಹೇಳಿದ್ದೇನೆ, ಕಾಲೇಜಿಗೆಂದೇ ಬೇರೆ ಮಿಕ್ಸಿಯನ್ನೂ ಕೊಂಡಿದ್ದೇನೆ.