ಪಾಲಿಗೆ ಕುದುರೆ ಕೇಳಲು ಹೋಗುವ ಮುನ್ನ

ನನ್ನ ಹೆಣ್ಣು ಕುದುರೆಯನ್ನು ವಾರದಲ್ಲಿ ಮೂರು ದಿನ ನೋಡಿಕೊಂಡು ಸವಾರಿ ಮಾಡಲು ಒಬ್ಬರು ಬೇಕು, ಖರ್ಚಿನಲ್ಲಿ ಪಾಲು ಕೊಡಬೇಕು ಎಂದು ತಿಳಿಸಿದ್ದೆ. ಮೊದಲು ಬಂದ ಸಂದೇಶದಲ್ಲಿ ಇದ್ದದ್ದು ಎರಡೇ ಪದ: “ಇನ್ನೂ ಇದೆಯೇ?” ಇದೆ, ಹುಲ್ಲು ಮೇಯುತ್ತಿದೆ ಎಂದು ಬರೆಯುವ ಮನಸ್ಸಾಯಿತು. ಹಾಗೆಂದು ನಾನೇನೂ ಸಾಚಾ ಅಲ್ಲ. ಹಿಂದೆ ನಾನೂ ಬೇರೆಯವರ ಕುದುರೆಯಲ್ಲಿ ಪಾಲು ಕೇಳಿಕೊಂಡು ಲಾಯದಿಂದ ಲಾಯಕ್ಕೆ ಅಲೆದವಳೇ.

ಮೊದಲ ಸಂದೇಶದಲ್ಲೇ ನಿಮ್ಮ ಪರಿಚಯವಿರಲಿ: ಎಷ್ಟು ವರ್ಷದ ಸವಾರಿ, ನಡುವೆ ಎಷ್ಟು ಕಾಲ ಬಿಟ್ಟಿದ್ದಿರಿ, ಯಾವ ದಿನ ಬಿಡುವು. ತೂಕವನ್ನೂ ಬರೆಯಿರಿ, ನಾಚಿಕೆ ಬೇಡ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದು ಎಂಬುದು ಹಲವರು ಪಾಲಿಸುವ ಲೆಕ್ಕ; 450 ಕಿಲೋ ತೂಗುವ ಕುದುರೆಗೆ 90 ಕಿಲೋ. ಕುದುರೆಗೆ ವಯಸ್ಸಾಗಿದ್ದರೆ ಇನ್ನೂ ಕಡಿಮೆ. ಅನುಭವವನ್ನಂತೂ ಉಬ್ಬಿಸಬೇಡಿ. ಬೇಲಿ ಹಾರಿಸಿದ್ದೇನೆ ಎಂದವರೊಬ್ಬರು ಏರುವಾಗಲೇ ನನ್ನ ಕುದುರೆಯ ಬೆನ್ನಿನ ಮೇಲೆ ಮೂಟೆಯಂತೆ ಬಿದ್ದರು. ಆಮೇಲೆ ಮಾತು ಬೇಕಾಗಲಿಲ್ಲ.

ನೋಡಲು ಹೋಗುವಾಗ ಹೇಳಿದ ಹೊತ್ತಿಗೆ ಹೋಗಿ, ಬಂಧುಬಳಗವನ್ನೆಲ್ಲ ಕರೆದೊಯ್ಯಬೇಡಿ. ಬೇರೆ ಲಾಯದಿಂದ ನೇರವಾಗಿ ಬರುತ್ತಿದ್ದರೆ ಕೈ, ಬೂಟು ತೊಳೆದುಕೊಳ್ಳಿ. ಸ್ಟ್ರಾಂಗಲ್ಸ್‌ನಂಥ ಗಂಟಲು ಬಾವಿನ ಸೋಂಕು ಮನುಷ್ಯರ ಕೈ, ಬಟ್ಟೆಗಳ ಮೂಲಕವೂ ಹರಡುತ್ತದೆ.

ಕೇಳದೆ ಏನನ್ನೂ ತಿನ್ನಿಸಬೇಡಿ. ಇದು ನಾನೇ ಮಾಡಿದ ತಪ್ಪು. ಜೇಬಿನ ತುಂಬ ಸೇಬಿನ ಹೋಳು ತುಂಬಿಕೊಂಡು ಹೋಗಿದ್ದೆ. ಒಂದನ್ನು ತೆಗೆಯುವಷ್ಟರಲ್ಲಿ ಒಡತಿ ನನ್ನ ಕೈ ಹಿಡಿದರು. ಅವರ ಕುದುರೆಗೆ ಲ್ಯಾಮಿನೈಟಿಸ್ ಆಗಿ ಗುಣವಾಗಿತ್ತು, ಅಂದರೆ ಗೊರಸಿನ ಒಳಪದರದ ಉರಿಯೂತ. ಸಿಹಿ ಹೆಚ್ಚಾದರೆ ಅದು ಮತ್ತೆ ಕೆರಳಬಹುದು. ನಾನು ಪ್ರೀತಿ ಎಂದುಕೊಂಡದ್ದು ಅವರಿಗೆ ಪಶುವೈದ್ಯರ ಬಿಲ್ಲಾಗಿ ಕಂಡಿತ್ತು.

ಮೊದಲು ಒಡೆಯರೇ ಏರಿ ತೋರಿಸಲಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಅವರು ಏರುವುದಿಲ್ಲ, ಏರುವವರು ಬೇರೆ ಯಾರೂ ಇಲ್ಲ ಎಂದಾದರೆ ನೀವೂ ಏರಬೇಡಿ. ನಿಮ್ಮ ಸರದಿ ಬಂದಾಗ ನಡಿಗೆಯಿಂದ ಶುರುಮಾಡಿ. ಕ್ಯಾಂಟರ್‌ಗೆ, ಅಂದರೆ ಹದವಾದ ಓಟಕ್ಕೆ, ಅವರು ಹೂಂ ಎನ್ನುವವರೆಗೆ ಕಾಯಿರಿ. ಇಳಿದ ಮೇಲೆ ಕಡಿವಾಣವನ್ನು ಅವರ ಕೈಗಿತ್ತು ಕಾರಿನತ್ತ ನಡೆಯುವವರೇ ಬಹಳ. ನಾನು ಕೊನೆಗೆ ಒಪ್ಪಿಕೊಂಡ ಹುಡುಗಿ ಸವಾರಿಯಲ್ಲಿ ಸಾಧಾರಣ. ಆದರೆ ಇಳಿದವಳೇ ಜೀನಿನ ಪಟ್ಟಿ ಸಡಿಲಿಸಿ, ಅಂಗಳದಲ್ಲಿ ಬಿದ್ದ ಲದ್ದಿ ನೋಡಿ “ಸಲಿಕೆ ಎಲ್ಲಿದೆ?” ಎಂದು ಕೇಳಿದಳು.

ಹಣದ ಮಾತನ್ನು ಕುದುರೆ ನೋಡುವ ಮೊದಲೇ ಚೌಕಾಸಿಯಾಗಿ ಎತ್ತಬೇಡಿ. ಒಪ್ಪಿದ ಮೇಲೆ ಮುಜುಗರಪಟ್ಟು ಬಿಡಲೂಬೇಡಿ. ಆರರಿಂದ ಎಂಟು ವಾರಕ್ಕೊಮ್ಮೆ ಬರುವ ಲಾಳದವರಿಗೆ ಕೊಡುವವರು ಯಾರು, ನಿಮ್ಮ ದಿನದಂದು ಕುದುರೆ ಕುಂಟಿದರೆ ಖರ್ಚು ಯಾರದು, ವಿಮೆ ಯಾರ ಹೆಸರಿನಲ್ಲಿ, ನಿಮ್ಮ ಗೆಳೆಯರನ್ನು ಹತ್ತಿಸಬಹುದೇ, ಬಿಡುವುದಾದರೆ ಎಷ್ಟು ದಿನ ಮುಂಚೆ ತಿಳಿಸಬೇಕು — ಎಲ್ಲವನ್ನೂ ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿ. ಮೊದಲ ತಿಂಗಳು ಪರೀಕ್ಷೆಗೆಂದು ಇಟ್ಟುಕೊಂಡರೆ ಇಬ್ಬರಿಗೂ ನಿರಾಳ.

ಬೇಡವೆನಿಸಿದರೆ ಒಂದೆರಡು ದಿನದೊಳಗೆ ಹೇಳಿಬಿಡಿ; ಮೌನವಾಗಿ ಮಾಯವಾಗಬೇಡಿ. ಒಬ್ಬಾಕೆ ಅದೇ ಸಂಜೆ ಫೋನ್ ಮಾಡಿ, “ನಿಮ್ಮ ಕುದುರೆ ನನಗೆ ತುಂಬ ಚುರುಕು, ಹೆದರಿಕೆಯಾಯಿತು” ಎಂದರು. ನನ್ನ ಪರಿಚಯದವರ ಲಾಯದಲ್ಲಿ ಇಪ್ಪತ್ತು ದಾಟಿದ ನಿಧಾನದ ಕುದುರೆಯೊಂದಿತ್ತು. ಆ ನಂಬರನ್ನು ಅಲ್ಲೇ ಕೊಟ್ಟೆ.